ಒಂದೇ ಉರಿಯಲ್ಲಿ ಎಲ್ಲ ಅಡುಗೆ ಬೇಯುವುದಿಲ್ಲ: ಸಂಘದ ನಾಯಕತ್ವ ಮತ್ತು ತೀರ್ಮಾನ



ಕದ್ರಿಯಲ್ಲಿ ನಾವು ನಡೆಸುವ ತರಬೇತಿಗಳಲ್ಲಿ ಪ್ರತಿ ಸಲವೂ ಬರುವ ಒಂದು ಪ್ರಶ್ನೆ ಉಂಟು. "ಸಿಸ್ಟರ್, ಸಂಘದ ಅಧ್ಯಕ್ಷೆ ಗಟ್ಟಿ ಇರಬೇಕಾ, ಮೆದು ಇರಬೇಕಾ?" ಈ ಪ್ರಶ್ನೆ ಬಂದ ಕೂಡಲೇ ಸಭೆ ಎರಡು ಪಾಲಾಗುತ್ತದೆ. "ಗಟ್ಟಿ ಇಲ್ಲದಿದ್ದರೆ ಕಂತು ಬರುವುದಿಲ್ಲ" ಎಂದು ಕೆಲವರು. "ಜೋರು ಮಾಡಿದರೆ ಸದಸ್ಯೆಯರು ಸಂಘ ಬಿಟ್ಟು ಹೋಗುತ್ತಾರೆ" ಎಂದು ಇನ್ನು ಕೆಲವರು. ಇಬ್ಬರ ಮಾತಿನಲ್ಲೂ ಸತ್ಯ ಉಂಟು. ಆದರೆ ಪ್ರಶ್ನೆಯೇ ಸ್ವಲ್ಪ ಬದಲಾಗಬೇಕು.

ನಮ್ಮ ಅಡುಗೆಕೋಣೆಯನ್ನೇ ನೋಡೋಣ. ಕುಚ್ಚಲಕ್ಕಿ ಗಂಜಿಗೆ ಮೊದಲು ದೊಡ್ಡ ಉರಿ ಬೇಕು, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಬೇಯಬೇಕು. ನೀರುದೋಸೆಗೆ ಕಾವಲಿ ಚೆನ್ನಾಗಿ ಕಾಯಬೇಕು, ಇಲ್ಲದಿದ್ದರೆ ದೋಸೆ ಏಳುವುದೇ ಇಲ್ಲ. ಬಂಗುಡೆ ಗಸಿಗೆ ಮೀನು ಹಾಕಿದ ಮೇಲೆ ಸೌಟು ತಿರುಗಿಸಬಾರದು, ತಿರುಗಿಸಿದರೆ ಮೀನು ಪುಡಿ. ಒಂದೇ ಒಲೆ, ಒಂದೇ ಕೈ. ಆದರೆ ಉರಿ ಬೇರೆ ಬೇರೆ. ಯಾವ ಅಡುಗೆಗೆ ಯಾವ ಹೊತ್ತಿಗೆ ಎಷ್ಟು ಉರಿ ಎಂದು ತಿಳಿದವಳು ಒಳ್ಳೆಯ ಅಡುಗೆಯವಳು. ಸಂಘದ ನಾಯಕಿಯೂ ಹೀಗೆಯೇ.

ಇದು ಸಣ್ಣ ವಿಷಯ ಎಂದು ತಿಳಿಯಬೇಡಿ. ಒಂದು ಸಂಘ ಒಡೆದರೆ ಹೋಗುವುದು ಬರೇ ಒಂದು ಪಾಸ್‌ಪುಸ್ತಕವಲ್ಲ. ವಾರ ವಾರ ಬೀಡಿ ಕಟ್ಟಿ, ಹೂ ಕಟ್ಟಿ, ಮನೆಗೆಲಸ ಮಾಡಿ ಕೂಡಿಸಿದ ಉಳಿತಾಯದ ಮೇಲಿನ ನಂಬಿಕೆ ಹೋಗುತ್ತದೆ. ಮಗಳ ಫೀಸಿಗೆ, ಗಂಡನ ಆಸ್ಪತ್ರೆಗೆ, ಮನೆಯ ಮಾಡಿಗೆ ಕಡಿಮೆ ಬಡ್ಡಿಯಲ್ಲಿ ಸಿಗುತ್ತಿದ್ದ ಸಾಲ ನಿಲ್ಲುತ್ತದೆ. ಆ ಮನೆಯವರು ಮತ್ತೆ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಬೇಕಾಗುತ್ತದೆ. ನಾವು ಕಂಡ ಹಾಗೆ ಹಣ ಇಲ್ಲದೆ ಒಡೆದ ಸಂಘಗಳಿಗಿಂತ, ತೀರ್ಮಾನ ಮಾಡುವ ಕ್ರಮ ಸರಿಯಿಲ್ಲದೆ ಒಡೆದ ಸಂಘಗಳೇ ಹೆಚ್ಚು.

ಸಂಘಗಳು ಹುಟ್ಟಿದ್ದೇ ನಾಯಕತ್ವದ ಪಾಠದಿಂದ

ನಮ್ಮ ಕರ್ನಾಟಕದ್ದೇ ಒಂದು ಚರಿತ್ರೆ ಕೇಳಿ. 1980ರ ದಶಕದಲ್ಲಿ ಮೈರಾಡಾ ಎಂಬ ಸ್ವಯಂಸೇವಾ ಸಂಸ್ಥೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತ್ತು. ಆಗ ಅದರ ಮುಂದಾಳತ್ವ ಅಲೋಶಿಯಸ್ ಪ್ರಕಾಶ್ ಫೆರ್ನಾಂಡಿಸ್ ಅವರದ್ದಾಗಿತ್ತು. ಒಂದೊಂದು ಸಹಕಾರ ಸಂಘದಲ್ಲೂ ಬಹಳ ಜನ ಸದಸ್ಯರು. 1984–85ರ ಸುಮಾರಿಗೆ ಇವುಗಳಲ್ಲಿ ಹಲವು ಮುರಿದುಬಿದ್ದವು. ಮುಖ್ಯ ಕಾರಣ, ಸದಸ್ಯರಿಗೆ ನಾಯಕರ ಮೇಲೆ ನಂಬಿಕೆ ಹೋಗಿತ್ತು. ಆದರೆ ಒಂದು ಆಶ್ಚರ್ಯ ನಡೆಯಿತು. ಪರಸ್ಪರ ನಂಬಿಕೆ ಇದ್ದ ಹತ್ತು ಹದಿನೈದು ಜನ ಸಣ್ಣ ಸಣ್ಣ ಗುಂಪಾಗಿ ಬಂದು, "ನಮ್ಮ ಸಾಲ ನಾವು ಕಟ್ಟುತ್ತೇವೆ, ಆದರೆ ನಮ್ಮ ಗುಂಪಿನ ಮೂಲಕ ಕಟ್ಟುತ್ತೇವೆ" ಎಂದರು. ಅಲ್ಲಿಂದ ಸಣ್ಣ ಗುಂಪುಗಳ ಕೆಲಸ ಬೆಳೆಯಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಮೈರಾಡಾಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭವಾಯಿತು. 2000–01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು.

ಇದರಿಂದ ನಾವು ಕಲಿಯಬೇಕಾದ ಪಾಠ ಏನು? ಸಣ್ಣ ಗುಂಪಿನಲ್ಲಿ ಪ್ರತಿಯೊಬ್ಬಳ ಮಾತು ಕೇಳಿಸುತ್ತದೆ, ಪ್ರತಿಯೊಬ್ಬಳ ಕಷ್ಟ ಕಾಣುತ್ತದೆ. ಹಾಗಾಗಿಯೇ ಸಂಘದಲ್ಲಿ 10ರಿಂದ 20 ಜನ ಇರಬೇಕು ಎನ್ನುವುದು. ಇಪ್ಪತ್ತು ಜನರ ಸಂಘದಲ್ಲೂ ಒಬ್ಬಳೇ ಎಲ್ಲ ತೀರ್ಮಾನ ಮಾಡಿದರೆ, ಆ ಮುರಿದುಬಿದ್ದ ದೊಡ್ಡ ಸಹಕಾರ ಸಂಘಕ್ಕೂ ನಮಗೂ ಎಂತ ವ್ಯತ್ಯಾಸ?

ಕಲಿತವರು ಏನು ಹೇಳಿದ್ದಾರೆ?

ಕರ್ಟ್ ಲೆವಿನ್ ಎಂಬ ಮನಃಶಾಸ್ತ್ರಜ್ಞರು ಇಬ್ಬರು ಸಂಗಡಿಗರೊಂದಿಗೆ ಅಮೆರಿಕದ ಅಯೋವಾದಲ್ಲಿ ಒಂದು ಅಧ್ಯಯನ ಮಾಡಿ 1939ರಲ್ಲಿ ಪ್ರಕಟಿಸಿದರು. ಹತ್ತು ವರ್ಷ ಪ್ರಾಯದ ಹುಡುಗರ ಸಣ್ಣ ಕ್ಲಬ್‌ಗಳಿಗೆ ಮುಖವಾಡ ಮಾಡುವಂತಹ ಕೈಕೆಲಸ ಕೊಟ್ಟರು. ಒಂದು ರೀತಿಯ ನಾಯಕ ಎಲ್ಲವನ್ನೂ ತಾನೇ ಹೇಳಿ ಮಾಡಿಸುತ್ತಿದ್ದ. ಇನ್ನೊಂದು ರೀತಿಯವನು ಹುಡುಗರೊಡನೆ ಮಾತಾಡಿ ತೀರ್ಮಾನ ಮಾಡುತ್ತಿದ್ದ. ಮೂರನೆಯವನು ಏನೂ ಹೇಳದೆ ಬಿಟ್ಟುಬಿಡುತ್ತಿದ್ದ. ಹೇಳಿ ಮಾಡಿಸುವವನ ಗುಂಪಿನಲ್ಲಿ ಅವನು ಇದ್ದಷ್ಟು ಹೊತ್ತು ಕೆಲಸ ಆಯಿತು, ಅವನು ಹೊರಗೆ ಹೋದ ಕೂಡಲೇ ನಿಂತಿತು. ಮಾತಾಡಿ ಮಾಡುವವನ ಗುಂಪು ಅವನು ಇಲ್ಲದಾಗಲೂ ಕೆಲಸ ಮುಂದುವರಿಸಿತು. ಬಿಟ್ಟುಬಿಟ್ಟವನ ಗುಂಪಿನಲ್ಲಿ ಕೆಲಸ ಸರಿಯಾಗಿ ಸಾಗಲಿಲ್ಲ. "ಅಧ್ಯಕ್ಷೆ ಬಂದರೆ ಮಾತ್ರ ಸಭೆ, ಬಾರದಿದ್ದರೆ ಸಭೆ ಇಲ್ಲ" ಎನ್ನುವ ಸಂಘಗಳು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

1969ರಲ್ಲಿ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಎಂಬ ಇಬ್ಬರು ಇನ್ನೊಂದು ಮಾತು ಸೇರಿಸಿದರು. ಎಲ್ಲ ಹೊತ್ತಿಗೂ ಒಂದೇ ರೀತಿಯ ನಾಯಕತ್ವ ಸರಿಯಾಗುವುದಿಲ್ಲ. ಎದುರಿಗಿರುವವರಿಗೆ ಆ ಕೆಲಸ ಎಷ್ಟು ಗೊತ್ತು, ಎಷ್ಟು ಮನಸ್ಸು ಮತ್ತು ಧೈರ್ಯ ಉಂಟು ಎಂದು ನೋಡಿ ನಾಯಕಿ ತನ್ನ ರೀತಿ ಬದಲಿಸಬೇಕು. ಅವರು ಹೇಳಿದ್ದನ್ನು ನಮ್ಮ ಬ್ಯಾಂಕ್ ಕೆಲಸದ ಉದಾಹರಣೆಯಿಂದ ತಿಳಿಯೋಣ.

ಒಬ್ಬ ಸದಸ್ಯೆಗೆ ಸಂಘದ ಹಣ ಬ್ಯಾಂಕಿಗೆ ಕಟ್ಟುವುದನ್ನು ಕಲಿಸಬೇಕು ಎಂದು ಇಟ್ಟುಕೊಳ್ಳಿ.

1. ಹೇಳಿಕೊಡುವುದು. ಅವಳು ಚಲನ್ ಮುಟ್ಟಿಯೇ ಇಲ್ಲ. ಆಗ "ನಿನಗೆ ಹೇಗೆ ಬೇಕೋ ಹಾಗೆ ಮಾಡು" ಎನ್ನುವುದು ಪ್ರೀತಿಯಲ್ಲ, ಅದು ಕೈಬಿಡುವುದು. ಇಲ್ಲಿ ಖಾತೆ ನಂಬರ್, ಇಲ್ಲಿ ಮೊತ್ತ, ಇಲ್ಲಿ ಸಹಿ ಎಂದು ಸ್ಪಷ್ಟವಾಗಿ ಹೇಳಿಕೊಡಬೇಕು.

2. ತಿದ್ದಿ ಹುರಿದುಂಬಿಸುವುದು. ಎರಡು ಸಲ ಬಂದಿದ್ದಾಳೆ, ಆದರೆ ತಪ್ಪಾಗುತ್ತದೆ, ಬೇಸರವೂ ಆಗುತ್ತದೆ. ಈಗ ಅವಳೇ ಬರೆಯಲಿ, ನಾವು ನೋಡೋಣ. ತಪ್ಪಿದ್ದರೆ ಯಾಕೆ ತಪ್ಪು ಎಂದು ತಿಳಿಸೋಣ. ಕೈಯಿಂದ ಚಲನ್ ಕಿತ್ತುಕೊಂಡು ನಾವೇ ಬರೆಯಬಾರದು.

3. ಜೊತೆಗೆ ನಿಲ್ಲುವುದು. ಕೆಲಸ ಎಲ್ಲ ಬರುತ್ತದೆ. ಆದರೆ ಮ್ಯಾನೇಜರ್ ಎದುರು ಮಾತಾಡಲು ಹೆದರಿಕೆ. ಇಂಥವಳಿಗೆ ಮತ್ತೆ ಚಲನ್ ಪಾಠ ಮಾಡಿದರೆ ಅವಮಾನ. ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ, ಮಾತು ಅವಳೇ ಆಡಲಿ.

4. ವಹಿಸಿಕೊಡುವುದು. ಈಗ ಅವಳು ಒಬ್ಬಳೇ ಹೋಗಿ ಬರುತ್ತಾಳೆ. ಮುಂದಿನ ಸಭೆಯಲ್ಲಿ ರಶೀದಿ ಮತ್ತು ಪಾಸ್‌ಪುಸ್ತಕ ಎಲ್ಲರೂ ನೋಡಿದರೆ ಸಾಕು. ದಾರಿಯಲ್ಲಿ ನಾಲ್ಕು ಸಲ ಫೋನ್ ಮಾಡುವುದು ಬೇಡ.

ಒಬ್ಬಳೇ ಸದಸ್ಯೆ ಒಂದು ಕೆಲಸದಲ್ಲಿ ನಾಲ್ಕನೇ ಮೆಟ್ಟಿಲಲ್ಲಿ, ಇನ್ನೊಂದು ಕೆಲಸದಲ್ಲಿ ಒಂದನೇ ಮೆಟ್ಟಿಲಲ್ಲಿ ಇರಬಹುದು. ಮಲ್ಲಿಗೆ ಕಟ್ಟುವ ಸದಸ್ಯೆಗೆ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎನ್ನುವ ಲೆಕ್ಕ ಬಾಯಿಪಾಠ. ಈ ದಿನದ ರೇಟಿಗೆ ಕೊಡಬೇಕಾ ಬೇಡವಾ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಸದಸ್ಯೆ ನಡಾವಳಿ ಪುಸ್ತಕ ಬರೆಯಲು ಕುಳಿತರೆ ಕೈ ನಡುಗಬಹುದು. ಆದುದರಿಂದ "ಇವಳು ಹುಷಾರು, ಅವಳು ಪಾಪ" ಎಂದು ಹಣೆಪಟ್ಟಿ ಕಟ್ಟಬೇಡಿ. ಕೆಲಸ ನೋಡಿ ಮೆಟ್ಟಿಲು ನೋಡಿ.

ಸಂಘಕ್ಕೂ ಪ್ರಾಯ ಉಂಟು

ಮಗುವಿಗೆ ಒಂದು ರೀತಿ, ಪ್ರಾಯಕ್ಕೆ ಬಂದ ಮಗಳಿಗೆ ಇನ್ನೊಂದು ರೀತಿ ಅಲ್ವಾ? ಸಂಘವೂ ಹಾಗೆ.

*ಮೊದಲ ಆರು ತಿಂಗಳು.* ನಿಯಮ ಹೊಸತು, ಒಬ್ಬರಿಗೊಬ್ಬರ ಪರಿಚಯ ಕಡಿಮೆ. ಪಂಚಸೂತ್ರ, ಅಂದರೆ ಕ್ರಮವಾದ ಸಭೆ, ಕ್ರಮವಾದ ಉಳಿತಾಯ, ಆಂತರಿಕ ಸಾಲ, ಸರಿಯಾದ ಮರುಪಾವತಿ, ಸರಿಯಾದ ಪುಸ್ತಕ, ಈ ಐದೂ ಅಭ್ಯಾಸವಾಗಬೇಕಾದ ಹೊತ್ತು ಇದು. ಬ್ಯಾಂಕಿನವರು ಸಾಲ ಕೊಡುವ ಮೊದಲು ನೋಡುವುದೂ ಇದನ್ನೇ. ಈ ಹೊತ್ತಿಗೆ ನಾಯಕಿ ಸ್ವಲ್ಪ ಗಟ್ಟಿ ಇದ್ದರೆ ಸಂಘಕ್ಕೆ ಒಳ್ಳೆಯದು. ನಾಲ್ಕು ಗಂಟೆಗೆ ಎಂದರೆ ನಾಲ್ಕು ಗಂಟೆಗೆ ಸಭೆ.

*ಒಂದೆರಡು ವರ್ಷದ ಮೇಲೆ.* ಹಣ ಕೂಡಿದೆ, ಸಾಲ ಕೇಳುವವರು ಹೆಚ್ಚಾಗಿದ್ದಾರೆ. ಜಗಳ ಬರುವುದೂ ಇದೇ ಹೊತ್ತಿಗೆ. "ಅವಳಿಗೆ ಮೊದಲು ಕೊಟ್ಟರು, ನನಗೆ ಯಾಕಿಲ್ಲ?" ಈಗ ನಾಯಕಿ ಬಾಯಿ ಜೋರು ಮಾಡಿದರೆ ಸಂಘ ಒಡೆಯುತ್ತದೆ, ಸುಮ್ಮನಿದ್ದರೂ ಒಡೆಯುತ್ತದೆ. ಕಾರಣ ಹೇಳಬೇಕು, ಎಲ್ಲರ ಮಾತು ಕೇಳಬೇಕು, ನಿಯಮ ಬರೆದಿಡಬೇಕು.

*ಐದಾರು ವರ್ಷ ಕಳೆದ ಸಂಘ.* ಎಲ್ಲರಿಗೂ ಕೆಲಸ ಗೊತ್ತು. ಈಗಲೂ ಮೊದಲಿನ ಅಧ್ಯಕ್ಷೆಯೇ ಕೀಲಿಕೈ, ಪುಸ್ತಕ, ಪಾಸ್‌ಪುಸ್ತಕ ಎಲ್ಲ ತನ್ನ ಮನೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದರೆ ಅದು ಸೇವೆ ಎಂದು ಅವಳಿಗೆ ಕಾಣಬಹುದು. ಉಳಿದವರಿಗೆ ಅದು ಅಧಿಕಾರವಾಗಿ ಕಾಣುತ್ತದೆ. "ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ" ಎಂಬ ಗಾದೆ ಹೊಲದ ಕೆಲಸಕ್ಕೆ ಸರಿ ಇರಬಹುದು. ಸಂಘದಲ್ಲಿ ಆಳೂ ಇಲ್ಲ, ಮಗನೂ ಇಲ್ಲ, ಎಲ್ಲರೂ ಯಜಮಾನಿಯರೇ. ಆ ಅಧ್ಯಕ್ಷೆಗೆ ಕಾಯಿಲೆ ಬಂದರೆ, ಮಗಳ ಬಾಣಂತನಕ್ಕೆ ಪರವೂರಿಗೆ ಹೋದರೆ ಸಂಘದ ಗತಿ ಏನು ಎಂದು ಈಗಲೇ ಕೇಳಿಕೊಳ್ಳಬೇಕು.

ಯಾವ ತೀರ್ಮಾನ ಯಾರು ಮಾಡಬೇಕು?

ಎಲ್ಲ ತೀರ್ಮಾನವನ್ನೂ ಸಭೆಯಲ್ಲೇ ಮಾಡುತ್ತೇವೆ ಎಂದರೆ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಅರ್ಧ ಗಂಟೆ ಹೋಗುತ್ತದೆ. ಎಲ್ಲವನ್ನೂ ಅಧ್ಯಕ್ಷೆಯೇ ಮಾಡಿದರೆ ಸಭೆಯೇ ಬೇಡ. ಹಾಗಾಗಿ ತೀರ್ಮಾನಗಳನ್ನು ಐದು ಪಾಲು ಮಾಡಿ ನೋಡೋಣ.

ಒಂದು: ಕೂಡಲೇ ಆಗಬೇಕಾದದ್ದು. 2018ರ ಮೇ 29ರಂದು ಮಂಗಳೂರಿನಲ್ಲಿ ಸುರಿದ ಭಾರೀ ಮಳೆ ನಿಮಗೆ ನೆನಪಿರಬಹುದು. ಕೊಟ್ಟಾರದಂತಹ ತಗ್ಗು ಜಾಗಗಳಲ್ಲಿ ಮನೆಯೊಳಗೆ ನೀರು ನುಗ್ಗಿತು. ಇಂಥ ಹೊತ್ತಿಗೆ "ಮುಂದಿನ ಭಾನುವಾರ ಸಭೆಯಲ್ಲಿ ಮಾತಾಡೋಣ" ಎನ್ನಲು ಆಗುವುದಿಲ್ಲ. ಮಕ್ಕಳನ್ನು, ಮುದುಕರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು, ಯಾರ ಮನೆಯಲ್ಲಿ ಗಂಜಿ ಬೇಯಿಸುವುದು ಎಂದು ಒಬ್ಬಳು ಹೇಳಬೇಕು, ಉಳಿದವರು ಮಾಡಬೇಕು. ನಡುರಾತ್ರಿ ಸದಸ್ಯೆಯ ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾದರೂ ಹಾಗೆಯೇ. ಆದರೆ ಈ ಅಧಿಕಾರವನ್ನು ಮೊದಲೇ ಸಭೆಯಲ್ಲಿ ಕೊಟ್ಟಿರಬೇಕು. ತುರ್ತಿಗೆ ಎಷ್ಟು ರೂಪಾಯಿಯವರೆಗೆ ಕೊಡಬಹುದು, ಯಾವ ಇಬ್ಬರು ಸೇರಿ ಕೊಡಬಹುದು, ಎಷ್ಟು ದಿನದೊಳಗೆ ಸಭೆಗೆ ಲೆಕ್ಕ ಒಪ್ಪಿಸಬೇಕು ಎಂದು ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ನೀರು ಮನೆಗೆ ಬಂದ ಮೇಲೆ ನಿಯಮ ಮಾಡಲು ಕೂತರೆ ಅದು ಯುದ್ಧಕಾಲೇ ಶಸ್ತ್ರಾಭ್ಯಾಸ.

ಎರಡು: ಎಲ್ಲರ ಹಣಕ್ಕೆ ಸಂಬಂಧಿಸಿದ್ದು. ಆಂತರಿಕ ಸಾಲ, ಬ್ಯಾಂಕ್ ಸಾಲ, ಬಡ್ಡಿ ದರ, ಉಳಿತಾಯ ಹೆಚ್ಚಿಸುವುದು. ಇದರಲ್ಲಿ ಅಧ್ಯಕ್ಷೆಗೂ ಒಂದು ಮಾತು, ಹೊಸ ಸದಸ್ಯೆಗೂ ಒಂದು ಮಾತು. ಬ್ಯಾಂಕ್ ಸಾಲ ಸಂಘದ ಹೆಸರಿನಲ್ಲಿ ಬರುತ್ತದೆ, ಮರುಪಾವತಿಯ ಜವಾಬ್ದಾರಿ ಎಲ್ಲರ ತಲೆ ಮೇಲೆ. ಹಾಗಾಗಿ ಠರಾವಿಗೆ ಸಹಿ ಹಾಕುವ ಮೊದಲು ಪ್ರತಿಯೊಬ್ಬಳೂ ಮೊತ್ತ, ಬಡ್ಡಿ, ಕಂತು ಮೂರನ್ನೂ ಬಾಯಿಬಿಟ್ಟು ಹೇಳುವಂತಿರಬೇಕು.

ಮೂರು: ಮಾಹಿತಿ ತಿಳಿದ ಮೇಲೆ ಮಾಡಬೇಕಾದದ್ದು. ನಮ್ಮ ಕರಾವಳಿ ಬ್ಯಾಂಕುಗಳ ತವರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಸೇರಿದವು. ಆಗ ಎಷ್ಟೋ ಸಂಘಗಳಲ್ಲಿ ಗಾಬರಿ. "ನಮ್ಮ ಹಣ ಹೋಯಿತಾ? ಪಾಸ್‌ಪುಸ್ತಕ ನಡೆಯುತ್ತದಾ?" ಹೀಗಿರುವಾಗ ಇಪ್ಪತ್ತು ಜನ ಕೂತು ಊಹೆಯ ಮೇಲೆ ವಾದ ಮಾಡಿದರೆ ಪ್ರಯೋಜನ ಇಲ್ಲ. ಇಬ್ಬರನ್ನು ಬ್ಯಾಂಕಿಗೆ ಕಳುಹಿಸಬೇಕು. ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್, ಚೆಕ್‌ಬುಕ್ ಇವುಗಳ ವಿಷಯ ಕೇಳಿ, ಬರೆದುಕೊಂಡು ಬಂದು ಸಭೆಗೆ ಹೇಳಬೇಕು. ಆಮೇಲೆ ತೀರ್ಮಾನ.

ಕೋವಿಡ್ ಕಾಲದಲ್ಲೂ ಹೀಗೆಯೇ ಆಯಿತು. 2020ರ ಮಾರ್ಚ್‌ನಿಂದ ಮೊದಲು ಮೇ ತನಕ, ಮತ್ತೆ ಆಗಸ್ಟ್ ಕೊನೆಯ ತನಕ ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. "ಆರು ತಿಂಗಳ ಕಂತು ಮಾಫಿ" ಎಂದು ಕೆಲವರು ತಿಳಿದರು. ಅದು ಮಾಫಿ ಆಗಿರಲಿಲ್ಲ. ಕಂತು ಮುಂದಕ್ಕೆ ಹೋಯಿತು, ಬಡ್ಡಿ ಓಡುತ್ತಲೇ ಇತ್ತು. ಕೆಲಸವೇ ಇಲ್ಲದ ಮನೆಗೆ ಮುಂದೂಡುವುದು ಅನಿವಾರ್ಯ, ಸಂಬಳ ಬರುತ್ತಿದ್ದ ಮನೆಗೆ ಕಟ್ಟುವುದೇ ಲಾಭ. ಒಂದೇ ಸಂಘದಲ್ಲಿ ಎರಡು ಬಗೆಯ ಮನೆಗಳು. ಮಾಹಿತಿ ಸರಿಯಾಗಿ ಗೊತ್ತಿದ್ದರೆ ಮಾತ್ರ ಇಂಥ ತೀರ್ಮಾನ ನ್ಯಾಯವಾಗಿ ಆಗುತ್ತದೆ.

ನಾಲ್ಕು: ದಿನನಿತ್ಯದ ಸಣ್ಣ ಕೆಲಸ. ಚಾಪೆ ಹಾಸುವುದು, ಸಭೆಯ ಕರೆ ಹೇಳುವುದು, ವಾಟ್ಸಾಪ್ ಸಂದೇಶ ಹಾಕುವುದು, ಸಾಬೂನಿಗೆ ಬೇಕಾದ ಸಾಮಾನು ತರುವುದು. ಇದನ್ನು ಒಬ್ಬೊಬ್ಬರಿಗೆ ವಹಿಸಿ ಮರೆತುಬಿಡಿ. ಅವಳು ಮಾಡಿದ ರೀತಿ ನಮ್ಮ ರೀತಿಯಂತೆ ಇಲ್ಲ ಎಂದು ಗೊಣಗಬೇಡಿ. ಕೆಲಸ ಆಯಿತಲ್ಲ, ಸಾಕು.

ಐದು: ಮನುಷ್ಯರ ಮಾನದ ವಿಷಯ. ಒಬ್ಬಳನ್ನು ಸಂಘದಿಂದ ತೆಗೆಯುವುದು, ದಂಡ ಹಾಕುವುದು, ಹಳೆಯ ಸದಸ್ಯೆಯ ಕಂತು ನಿಂತದ್ದು. ಇಲ್ಲಿ ಕೈ ಎತ್ತಿಸಿ ಹನ್ನೊಂದಕ್ಕೆ ಒಂಬತ್ತು ಎಂದು ಗೆಲ್ಲುವುದು ಗೆಲುವಲ್ಲ. ಸೋತ ಒಂಬತ್ತು ಜನ ಮುಂದಿನ ವಾರ ಬರುವುದಿಲ್ಲ. ಅವಸರ ಮಾಡಬೇಡಿ. ಇಬ್ಬರು ಹಿರಿಯ ಸದಸ್ಯೆಯರು ಮೊದಲು ಅವಳ ಮನೆಗೆ ಹೋಗಿ ಬರಲಿ.

ಕಂತು ನಿಂತಾಗ

ಈ ಐದನೇ ವಿಷಯವನ್ನು ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಾಯಕಿಯ ಪರೀಕ್ಷೆ ಇಲ್ಲಿಯೇ. ಐದು ವರ್ಷ ತಪ್ಪದೆ ಕಟ್ಟಿದ ಸದಸ್ಯೆ ಎರಡು ವಾರ ಬರಲಿಲ್ಲ ಎಂದರೆ, ಮೂರನೇ ವಾರ ಎಲ್ಲರೆದುರು "ಎಂತ, ಹಣ ಕಟ್ಟುವ ಅಂದಾಜು ಉಂಟಾ?" ಎಂದು ಕೇಳುವುದು ಸುಲಭ. ಆದರೆ ಅವಳ ಮನೆಯಲ್ಲಿ ಏನು ನಡೆದಿದೆ? ಗಂಡನಿಗೆ ಕೆಲಸ ಹೋಗಿದೆಯಾ? ಬೀಡಿ ಬ್ರಾಂಚಿನಲ್ಲಿ ಎಲೆ ಕಡಿಮೆ ಕೊಟ್ಟು ವಾರದ ಮಜೂರಿ ಇಳಿದಿದೆಯಾ? ಗುಟ್ಟಾಗಿ ಎರಡು ಮೂರು ಕಡೆ ಕಿರುಸಾಲ ತೆಗೆದು ಅದರ ವಸೂಲಿಯವರಿಗೆ ಹೆದರಿ ಹೊರಗೆ ಬರುತ್ತಿಲ್ಲವಾ?

ಹೀಗಿದ್ದರೆ ಅವಳಿಗೆ ಆ ಹೊತ್ತಿಗೆ ಬೇಕಾದದ್ದು ಪಕ್ಕದಲ್ಲಿ ಕುಳಿತುಕೊಳ್ಳುವ ನಾಯಕಿ. ಜೊತೆಗೆ ಸರಿಯಾದ ಮಾಹಿತಿಯೂ ಬೇಕು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಕಿರುಸಾಲ ನಿಯಮದಂತೆ ಒಂದು ಮನೆಯ ಎಲ್ಲ ಸಾಲದ ತಿಂಗಳ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಬೆದರಿಸುವುದು, ಬೈಯುವುದು, ಸಂಬಂಧಿಕರಿಗೆ ಕಾಟ ಕೊಡುವುದು ತಪ್ಪು. 2025ರಲ್ಲಿ ನಮ್ಮ ರಾಜ್ಯ ಸರಕಾರವೂ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಪ್ರತ್ಯೇಕ ಕಾನೂನು ತಂದಿದೆ. ಹೆದರಿ ಬಾಗಿಲು ಹಾಕಿಕೊಂಡಿರುವ ಸದಸ್ಯೆಗೆ ಇದನ್ನು ತಿಳಿಸಿ, ಬೇಕಾದರೆ ಪೊಲೀಸ್ ಠಾಣೆಗೂ ಜೊತೆಗೆ ಹೋಗುವವರು ಸಂಘದವರಲ್ಲದೆ ಇನ್ನು ಯಾರು?

ಅದೇ ವೇಳೆ ಅವಳ ಸಾಲ ಸಂಘದ ಎಲ್ಲರ ಹಣ ಎನ್ನುವುದನ್ನೂ ಮರೆಯಬಾರದು. ಕಂತು ಸಣ್ಣದು ಮಾಡಿ, ತಿಂಗಳು ಹೆಚ್ಚಿಸಿ, ಆದರೆ ಲೆಕ್ಕ ಬಿಡಬೇಡಿ. ಹೊಸ ಕಂತು ಎಷ್ಟು, ಯಾವ ತಿಂಗಳಿಂದ ಎಂದು ಪುಸ್ತಕದಲ್ಲಿ ಬರೆಯಿರಿ. ಕಟ್ಟುವ ಶಕ್ತಿ ಇದ್ದೂ ಕಟ್ಟದವರು ಕೂಡಾ ಇರುತ್ತಾರೆ. ಅವರ ಹತ್ತಿರ ಗಟ್ಟಿಯಾಗಿಯೇ ಮಾತಾಡಬೇಕು. ಕಷ್ಟದಲ್ಲಿರುವವಳನ್ನೂ ತಪ್ಪಿಸಿಕೊಳ್ಳುವವಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಇಬ್ಬರಿಗೂ ಅನ್ಯಾಯ.

ಸಭೆಯಲ್ಲಿ ತೀರ್ಮಾನ ಮಾಡುವ ಕ್ರಮ

1. ವಿಷಯವನ್ನು ಒಂದೇ ವಾಕ್ಯದಲ್ಲಿ ಹೇಳಿ. "ಬ್ಯಾಂಕ್ ಸಾಲ ತೆಗೆಯುವುದಾ ಬೇಡವಾ?"

2. ಗೊತ್ತಿರುವ ಮಾಹಿತಿ ಎಲ್ಲರ ಮುಂದೆ ಇಡಿ. ಗೊತ್ತಿಲ್ಲದ್ದು ಎಂತ ಎಂದು ಕೂಡಾ ಹೇಳಿ.

3. ಅಧ್ಯಕ್ಷೆ ತನ್ನ ಅಭಿಪ್ರಾಯ ಕೊನೆಗೆ ಹೇಳಲಿ. ಅವಳು ಮೊದಲೇ ಹೇಳಿದರೆ ಅರ್ಧ ಜನ "ಹೌದು ಅಕ್ಕ" ಎನ್ನುತ್ತಾರೆ, ಉಳಿದ ಅರ್ಧ ಜನ ಹೊರಗೆ ಹೋಗಿ ಮಾತಾಡುತ್ತಾರೆ.

4. ಸುತ್ತು ಬಂದು ಪ್ರತಿಯೊಬ್ಬಳೂ ಒಂದು ಮಾತು ಆಡಲಿ. ಬಾಗಿಲ ಹತ್ತಿರ ಕೂತವಳಿಂದ ಆರಂಭಿಸಿ. ಸಾಮಾನ್ಯವಾಗಿ ಮಾತಾಡದವರು ಅಲ್ಲಿ ಕೂತಿರುತ್ತಾರೆ.

5. ನಮ್ಮ ಸಂಘಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಉಂಟು. ಪುಸ್ತಕ ಕನ್ನಡದಲ್ಲಿ ಬರೆದರೂ ನಿರ್ಣಯವನ್ನು ಸದಸ್ಯೆಯರ ಮನೆಮಾತಿನಲ್ಲಿ ಓದಿ ತಿಳಿಸಿ. ತಿಳಿಯದೆ ಹಾಕಿದ ಸಹಿ ಸಹಿಯಲ್ಲ.

6. ಯಾರು, ಏನು, ಯಾವ ದಿನದೊಳಗೆ, ಈ ಮೂರನ್ನೂ ಬರೆಯಿರಿ. ಮುಂದಿನ ಸಭೆಯ ಮೊದಲ ವಿಷಯ, ಹಿಂದಿನ ನಿರ್ಣಯ ಆಯಿತಾ ಇಲ್ಲವಾ ಎಂದು ನೋಡುವುದು.

ಬದಲಾಗಬಾರದ ಸಂಗತಿಗಳು

ಸಂದರ್ಭಕ್ಕೆ ತಕ್ಕಂತೆ ಬದಲಾಗಬೇಕು ಎಂದರೆ ಮನಸ್ಸಿಗೆ ಬಂದಂತೆ ಬದಲಾಗುವುದು ಎಂದು ಅರ್ಥವಲ್ಲ. ನಾದಿನಿಗೆ ಒಂದು ನಿಯಮ, ನೆರೆಯವಳಿಗೆ ಇನ್ನೊಂದು ನಿಯಮ ಎಂದರೆ ಅದಕ್ಕೆ ನಾಯಕತ್ವದ ಹೆಸರು ಇಡಬಾರದು. ಉರಿ ಬದಲಾಗುತ್ತದೆ, ಒಲೆಯ ಮೂರು ಕಲ್ಲು ಬದಲಾಗುವುದಿಲ್ಲ. ಆ ಮೂರು ಕಲ್ಲು ಇವು. ಮೊದಲನೆಯದು ಲೆಕ್ಕ: ಯಾವ ಸದಸ್ಯೆ ಕೇಳಿದರೂ ಯಾವ ದಿನವೂ ಪುಸ್ತಕ ತೋರಿಸಬೇಕು, ಖಾಲಿ ಚೆಕ್ಕಿಗೆ ಯಾರೂ ಸಹಿ ಹಾಕಬಾರದು. ಎರಡನೆಯದು ಗೌರವ: ಯಾರ ಮನೆಯ ಗುಟ್ಟೂ ಸಂಘದಿಂದ ಬೀದಿಗೆ ಹೋಗಬಾರದು. ಮೂರನೆಯದು ಸರದಿ: ಜವಾಬ್ದಾರಿ ಒಬ್ಬರ ಕೈಯಲ್ಲೇ ನಿಲ್ಲಬಾರದು, ನಿಯಮದಲ್ಲಿ ಬರೆದ ಅವಧಿ ಮುಗಿದ ಕೂಡಲೇ ಇನ್ನೊಬ್ಬರಿಗೆ ಹೋಗಬೇಕು.

ಸರದಿಯ ಬಗ್ಗೆ ಒಂದು ಮಾತು. "ಅವಳಿಗೆ ಆಗುವುದಿಲ್ಲ ಸಿಸ್ಟರ್, ಅವಳು ಓದಿಲ್ಲ" ಎಂದು ಹೇಳುವುದುಂಟು. ನಮ್ಮ ರಾಜ್ಯದಲ್ಲಿ 1983ರ ಕಾಯ್ದೆಯಂತೆ 1987ರಲ್ಲಿ ಪಂಚಾಯತ್ ಚುನಾವಣೆ ನಡೆದಾಗ ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ಆಗಲೂ ಜನ ಇದನ್ನೇ ಹೇಳಿದರು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಗಿ ದೇಶಕ್ಕೆಲ್ಲ ಮೂರನೇ ಒಂದು ಪಾಲು ಬಂತು. 2010ರಲ್ಲಿ ಕರ್ನಾಟಕದ ಪಂಚಾಯತ್‌ಗಳಲ್ಲಿ ಅದು ಅರ್ಧ ಆಯಿತು. ಕುರ್ಚಿಯಲ್ಲಿ ಕೂರದೆ ಯಾರೂ ಕೆಲಸ ಕಲಿಯುವುದಿಲ್ಲ. ಓದು ಬಾರದ ಅಧ್ಯಕ್ಷೆಯ ಪಕ್ಕದಲ್ಲಿ ಓದಿದ ಕಾರ್ಯದರ್ಶಿ ಕುಳಿತರೆ ಸಂಘ ನಡೆಯುತ್ತದೆ.

ಮೋಶೆಗೆ ಮಾವ ಹೇಳಿದ ಬುದ್ಧಿ

ಪವಿತ್ರ ಬೈಬಲಿನ ವಿಮೋಚನಾಕಾಂಡದ 18ನೇ ಅಧ್ಯಾಯದಲ್ಲಿ ಒಂದು ಪ್ರಸಂಗ ಉಂಟು. ಯಾವ ಧರ್ಮದ ಸದಸ್ಯೆಗೂ ಅದು ಉಪಯೋಗಕ್ಕೆ ಬರುತ್ತದೆ. ಮೋಶೆ ಬೆಳಗ್ಗಿನಿಂದ ಸಂಜೆಯ ತನಕ ಒಬ್ಬನೇ ಕುಳಿತು ಜನರ ಎಲ್ಲ ವ್ಯಾಜ್ಯ ತೀರಿಸುತ್ತಿದ್ದ. ಜನ ದಿನವಿಡೀ ಕಾದು ನಿಲ್ಲುತ್ತಿದ್ದರು. ಇದನ್ನು ನೋಡಿದ ಅವನ ಮಾವ ಇತ್ರೋ, ಹೀಗೆ ಮಾಡಿದರೆ ನೀನೂ ಸೋಲುತ್ತಿ, ಜನರೂ ಸೋಲುತ್ತಾರೆ ಎಂದು ಎಚ್ಚರಿಸಿದ. ಹತ್ತು ಜನರಿಗೆ, ಐವತ್ತು ಜನರಿಗೆ, ನೂರು, ಸಾವಿರ ಜನರಿಗೆ ಒಬ್ಬೊಬ್ಬ ಪ್ರಾಮಾಣಿಕರನ್ನು ನೇಮಿಸು, ಸಣ್ಣ ವಿಷಯ ಅವರು ನೋಡಲಿ, ಕಷ್ಟದ ವಿಷಯ ಮಾತ್ರ ನಿನ್ನ ಬಳಿ ಬರಲಿ ಎಂದು ಬುದ್ಧಿ ಹೇಳಿದ. ಮೋಶೆ ಒಪ್ಪಿದ. ಇಷ್ಟು ದೊಡ್ಡ ನಾಯಕ ಕೂಡಾ ತನ್ನ ರೀತಿಯನ್ನು ಬದಲಿಸಿದ. ಹೊರಗಿನಿಂದ ಬಂದ ಮಾವ ಹೇಳಿದ್ದು ಎಂದು ಮುಖ ತಿರುಗಿಸಲಿಲ್ಲ.

ನಮ್ಮ ಸಂಘಗಳಲ್ಲೂ ಬೆಳಗ್ಗಿನಿಂದ ಸಂಜೆಯ ತನಕ ಒಬ್ಬಳೇ ಓಡಾಡುವ ಅಧ್ಯಕ್ಷೆಯರಿದ್ದಾರೆ. ಬ್ಯಾಂಕಿಗೂ ಅವಳೇ, ಒಕ್ಕೂಟದ ಸಭೆಗೂ ಅವಳೇ, ಜಗಳ ಬಿಡಿಸಲೂ ಅವಳೇ. ಮನೆಯಲ್ಲಿ ಬೈಗುಳ, ಸಂಘದಲ್ಲಿ ದೂರು, ಮೈಯಲ್ಲಿ ಬಿಪಿ. ಅವಳಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದಕ್ಕಿಂತ ಅವಳ ಕೈಯಿಂದ ಎರಡು ಪುಸ್ತಕ ತೆಗೆದುಕೊಂಡು "ಅಕ್ಕ, ಇದನ್ನು ಇನ್ನು ನಾವು ನೋಡಿಕೊಳ್ಳುತ್ತೇವೆ" ಎಂದರೆ ಅದು ದೊಡ್ಡ ಉಪಕಾರ. ನಾಯಕಿ ಬಿಟ್ಟುಕೊಡಲು ಕಲಿಯಬೇಕು, ಸದಸ್ಯೆಯರು ತೆಗೆದುಕೊಳ್ಳಲು ಕಲಿಯಬೇಕು.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಪ್ರಾಯ ಎಷ್ಟು? ಈಗ ನಮಗೆ ಎಂಥ ನಾಯಕತ್ವ ಬೇಕು?

2. ಕಳೆದ ಮೂರು ತಿಂಗಳ ನಿರ್ಣಯಗಳನ್ನು ಓದಿ. ಯಾವುದು ಎಲ್ಲರದ್ದು, ಯಾವುದು ಒಬ್ಬಳದ್ದು?

3. ತುರ್ತು ಹಣದ ನಿಯಮ ಬರೆದಿದ್ದೇವಾ? ಇಲ್ಲದಿದ್ದರೆ ಇವತ್ತೇ ಬರೆಯೋಣವಾ?

4. ಒಂದು ವರ್ಷದಿಂದ ಸಭೆಯಲ್ಲಿ ಬಾಯಿ ತೆರೆಯದ ಸದಸ್ಯೆ ಯಾರು? ಅವಳಿಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ?

5. ಅಧ್ಯಕ್ಷೆ ಎರಡು ತಿಂಗಳು ಇಲ್ಲದಿದ್ದರೆ ನಮ್ಮ ಸಂಘ ನಡೆಯುತ್ತದಾ?

ಐದನೇ ಪ್ರಶ್ನೆಗೆ "ನಡೆಯುತ್ತದೆ" ಎಂದು ಧೈರ್ಯದಿಂದ ಹೇಳುವ ಸಂಘದಲ್ಲಿ ಒಳ್ಳೆಯ ನಾಯಕಿ ಇದ್ದಾಳೆ ಎಂದು ತಿಳಿಯಿರಿ. "ಇಲ್ಲ" ಎಂಬ ಉತ್ತರ ಬಂದರೆ ಬೇಸರ ಬೇಡ. ಮುಂದಿನ ವಾರ ಬ್ಯಾಂಕಿಗೆ ಹೋಗುವಾಗ ಇದುವರೆಗೆ ಹೋಗದ ಒಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಿ, ಚಲನ್ ಅವಳ ಕೈಗೆ ಕೊಡಿ. ಅಲ್ಲಿಂದ ಆರಂಭಿಸೋಣ. ದೇವರು ನಿಮ್ಮೆಲ್ಲರನ್ನು, ನಿಮ್ಮ ಮನೆಯವರನ್ನು ಚೆನ್ನಾಗಿಟ್ಟಿರಲಿ.